ಬಂಧನದಲ್ಲಿರುವ ವ್ಯಕ್ತಿಗಳಿಗೆ ತುರ್ತು ವೈದ್ಯಕೀಯ ಚಿಕಿತ್ಸೆ: ಕುಟುಂಬದವರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಪೊಲೀಸ್ ಠಾಣೆಯಲ್ಲಿ ಬಂಧನದಲ್ಲಿರುವ, ನ್ಯಾಯಾಂಗ ಬಂಧನದಲ್ಲಿದ್ದು ವಿಚಾರಣೆ ಎದುರಿಸುತ್ತಿರುವ ಅಥವಾ ಶಿಕ್ಷೆ ಅನುಭವಿಸುತ್ತಿರುವ ವ್ಯಕ್ತಿಗೆ ಹಠಾತ್ತನೆ ಕಾಯಿಲೆ ಉಂಟಾದಲ್ಲಿ ಅಥವಾ ಗಾಯವಾದಲ್ಲಿ ಚಿಕಿತ್ಸೆ ಕೊಡಿಸುವುದು ಯಾರ ಹೊಣೆ, ಅದು ಎಲ್ಲಿ ದೊರೆಯುತ್ತದೆ, ಮನೆಯವರು ಯಾರಿಗೆ ಅರ್ಜಿ ಸಲ್ಲಿಸಬೇಕು ಎಂಬ ಬಗ್ಗೆ ಸಾರ್ವಜನಿಕರಲ್ಲಿ ಸಾಕಷ್ಟು ಗೊಂದಲವಿದೆ. ಜೈಲಿನಲ್ಲಿರುವವರನ್ನು ಆಸ್ಪತ್ರೆಗೆ ಸೇರಿಸಲು ಮೊದಲು ನ್ಯಾಯಾಲಯದ ಆದೇಶ ತರಬೇಕು ಎಂದು ಕೆಲವರು ತಿಳಿದಿದ್ದಾರೆ. ಪೊಲೀಸ್ ಪ್ರಕರಣವಿದ್ದರೆ ಖಾಸಗಿ ಆಸ್ಪತ್ರೆಗಳು ರೋಗಿಯನ್ನು ಮುಟ್ಟುವಂತಿಲ್ಲ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ತುರ್ತು ಸಂದರ್ಭಕ್ಕೆ ಸಂಬಂಧಿಸಿದಂತೆ ಇವೆರಡೂ ಸರಿಯಲ್ಲ. ಈ ತಪ್ಪು ತಿಳುವಳಿಕೆಯಿಂದ ಅಮೂಲ್ಯವಾದ ಸಮಯ ವ್ಯರ್ಥವಾಗುವುದರಿಂದ, ಜಾರಿಯಲ್ಲಿರುವ ಕಾನೂನು ಹಾಗೂ ಕಾರ್ಯವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ನೇ ವರ್ಷದಲ್ಲಿ ದೇಶದ ಕಾರಾಗೃಹಗಳಲ್ಲಿ 1,995 ಬಂದಿಗಳು ಮರಣ ಹೊಂದಿದ್ದು, ಅವುಗಳ ಪೈಕಿ 1,773 ಮರಣಗಳನ್ನು ಸಹಜ ಮರಣಗಳೆಂದು, ಅಂದರೆ ಕಾಯಿಲೆ ಅಥವಾ ವಯಸ್ಸಿನ ಕಾರಣದಿಂದ ಆದವೆಂದು ವರ್ಗೀಕರಿಸಲಾಗಿದೆ. ಬಂಧನದಲ್ಲಿನ ಸಾವು ಎಂದೊಡನೆ ಜನರ ಮನಸ್ಸಿಗೆ ಬರುವುದು ಹಲ್ಲೆ ಅಥವಾ ಆತ್ಮಹತ್ಯೆ. ಆದರೆ ಅಂಕಿ-ಅಂಶಗಳಲ್ಲಿ ಬಹುಪಾಲು ಕಾಯಿಲೆಯದೇ ಆಗಿದೆ. ಅದೇ ವರ್ಷಾಂತ್ಯಕ್ಕೆ ಕಾರಾಗೃಹಗಳಲ್ಲಿದ್ದವರ ಪೈಕಿ ಸುಮಾರು ಮುಕ್ಕಾಲು ಭಾಗದಷ್ಟು ಮಂದಿ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದೆ ಇದ್ದವರು ಎಂಬುದನ್ನೂ ಇಲ್ಲಿ ಗಮನಿಸತಕ್ಕದ್ದು.

ಕಾನೂನಿನ ಹಿನ್ನೆಲೆ

ಸಂವಿಧಾನದ 21ನೇ ಅನುಚ್ಛೇದವು ನೀಡಿರುವ ಜೀವಿಸುವ ಹಕ್ಕು ಬಂಧನದೊಂದಿಗೆ ಕೊನೆಗೊಳ್ಳುವುದಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ (1989) ಸರ್ವೋಚ್ಚ ನ್ಯಾಯಾಲಯವು, ಪ್ರಾಣಾಪಾಯದಲ್ಲಿರುವ ವ್ಯಕ್ತಿ ನಿರಪರಾಧಿಯಾಗಿರಲಿ, ಶಿಕ್ಷೆಗೆ ಅರ್ಹನಾದ ಅಪರಾಧಿಯೇ ಆಗಿರಲಿ, ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯವೆಂದೂ, ಸರ್ಕಾರಿ ಹಾಗೂ ಖಾಸಗಿ ವೈದ್ಯರಿಬ್ಬರಿಗೂ ಇದು ಅನ್ವಯಿಸುವುದೆಂದೂ, ಪೊಲೀಸ್ ಔಪಚಾರಿಕತೆಗಳು ಪೂರ್ಣಗೊಳ್ಳಲೆಂದು ಚಿಕಿತ್ಸೆಯನ್ನು ತಡೆಹಿಡಿಯಬಾರದೆಂದೂ ಸ್ಪಷ್ಟಪಡಿಸಿದೆ. ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ (1996) ಸರ್ಕಾರಿ ಆಸ್ಪತ್ರೆಯು ಸಕಾಲದಲ್ಲಿ ತುರ್ತು ಚಿಕಿತ್ಸೆ ನೀಡದಿರುವುದು 21ನೇ ಅನುಚ್ಛೇದದ ಉಲ್ಲಂಘನೆಯೆಂದು ತೀರ್ಮಾನಿಸಲಾಯಿತು.

ಇದೇ ವಿಷಯದಲ್ಲಿ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಪ್ರಕರಣವೊಂದಿದೆ. ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ಸರ್ವೋಚ್ಚ ನ್ಯಾಯಾಲಯವು ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ದೇಶದ ಕಾರಾಗೃಹಗಳನ್ನು ಕಾಡುತ್ತಿರುವ ಒಂಬತ್ತು ಸಮಸ್ಯೆಗಳನ್ನು ಆ ತೀರ್ಪಿನಲ್ಲಿ ಗುರುತಿಸಲಾಗಿದ್ದು, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆಯು ಅವುಗಳಲ್ಲಿ ಒಂದು. ಹೊರಗಿರುವವರಂತೆ ತಮಗೆ ಬೇಕಾದ ವೈದ್ಯರ ಬಳಿಗೆ ಹೋಗುವ ಸ್ವಾತಂತ್ರ್ಯ ಬಂದಿಗೆ ಇಲ್ಲದಿರುವುದರಿಂದಲೇ ರಾಜ್ಯದ ಹೊಣೆ ಹೆಚ್ಚುತ್ತದೆ ಎಂಬುದು ಈ ಎಲ್ಲ ತೀರ್ಪುಗಳ ಹಿಂದಿರುವ ತರ್ಕ.

ದಿನಾಂಕ 01.07.2024ರಿಂದ ದಂಡ ಪ್ರಕ್ರಿಯಾ ಸಂಹಿತೆ, 1973ರ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಗೆ ಬಂದಿದೆ. ಹಳೆಯ ಅರ್ಜಿ ನಮೂನೆಗಳಲ್ಲಿ ಕಾಣಸಿಗುವ ಕಲಂಗಳ ಸಂಖ್ಯೆಗಳು ಈಗ ಬದಲಾಗಿವೆ. ಬಂಧಿತರ ವೈದ್ಯಕೀಯ ಪರೀಕ್ಷೆಗೆ ಸಂಬಂಧಿಸಿದ ಹಿಂದಿನ ಕಲಂ 54 ಈಗ ಕಲಂ 53 ಆಗಿದೆ. ಆರೋಪಿಯನ್ನು ತಮ್ಮ ವಶದಲ್ಲಿ ಇಟ್ಟುಕೊಂಡವರು ಆತನ ಆರೋಗ್ಯ ಹಾಗೂ ಸುರಕ್ಷತೆಯ ಬಗ್ಗೆ ಸೂಕ್ತ ಕಾಳಜಿ ವಹಿಸತಕ್ಕದ್ದು ಎಂದು ವಿಧಿಸಿದ್ದ ಕಲಂ 55-ಎ ಈಗ ಕಲಂ 56 ಆಗಿದೆ. ಈ ಕಲಂ 56 ಒಂದೇ ವಾಕ್ಯದ್ದಾದರೂ ಇಡೀ ವಿಷಯದ ತಿರುಳು ಅದರಲ್ಲಿದೆ: ವ್ಯಕ್ತಿ ಯಾರ ವಶದಲ್ಲಿದ್ದಾನೆಯೋ ಹೊಣೆ ಅವರದು.

ಪೊಲೀಸ್ ಬಂಧನದಲ್ಲಿರುವಾಗ

ಬಂಧನವಾದ ಕೂಡಲೇ ಬಂಧಿತನು ಸೂಚಿಸುವ ಬಂಧುವಿಗೆ ಅಥವಾ ಮಿತ್ರನಿಗೆ ಬಂಧನದ ವಿಷಯವನ್ನೂ, ಇರಿಸಿರುವ ಸ್ಥಳವನ್ನೂ ಪೊಲೀಸರು ತಿಳಿಸಬೇಕು (ಕಲಂ 48). ಬಂಧನದ ನಂತರ ಆದಷ್ಟು ಶೀಘ್ರವಾಗಿ ಸರ್ಕಾರಿ ವೈದ್ಯಾಧಿಕಾರಿಯಿಂದ, ಅವರು ಲಭ್ಯವಿಲ್ಲದಿದ್ದಲ್ಲಿ ನೋಂದಾಯಿತ ವೈದ್ಯರಿಂದ, ಬಂಧಿತನ ಪರೀಕ್ಷೆ ನಡೆಯಬೇಕು (ಕಲಂ 53). ಮೈಮೇಲಿನ ಗಾಯಗಳನ್ನು, ಹಿಂಸೆಯ ಗುರುತುಗಳನ್ನು ಮತ್ತು ಅವು ಉಂಟಾದ ಅಂದಾಜು ಸಮಯವನ್ನು ವೈದ್ಯರು ದಾಖಲಿಸತಕ್ಕದ್ದು. ಮತ್ತೊಮ್ಮೆ ಪರೀಕ್ಷೆ ಅಗತ್ಯವೆಂದು ವೈದ್ಯರಿಗೆ ಕಂಡುಬಂದಲ್ಲಿ ಅದನ್ನು ನಡೆಸುವ ಅಧಿಕಾರವೂ ಅವರಿಗಿದೆ. ಈ ವರದಿಯ ಪ್ರತಿಯನ್ನು ಬಂಧಿತನಿಗೆ ಅಥವಾ ಆತನು ಸೂಚಿಸಿದ ವ್ಯಕ್ತಿಗೆ ನೀಡುವುದು ಕಡ್ಡಾಯ. ಬಹುತೇಕ ಕುಟುಂಬಗಳು ಈ ಪ್ರತಿಯನ್ನು ಕೇಳುವುದೇ ಇಲ್ಲ. ಮುಂದೆ ಯಾವುದೇ ಪ್ರಶ್ನೆ ಎದ್ದಲ್ಲಿ ಮೊದಲು ಬೇಕಾಗುವ ದಾಖಲೆ ಇದೇ ಆಗಿರುವುದರಿಂದ ತಪ್ಪದೆ ಕೇಳಿ ಪಡೆಯತಕ್ಕದ್ದು.

ಕಲಂ 51ರಂತೆ ತನಿಖೆಗಾಗಿ, ಸಾಕ್ಷ್ಯ ಸಂಗ್ರಹಿಸುವ ಉದ್ದೇಶದಿಂದ ಪೊಲೀಸರ ಕೋರಿಕೆಯ ಮೇರೆಗೆ ನಡೆಯುವ ಪರೀಕ್ಷೆ ಬೇರೆ. ಕಲಂ 53ರಂತೆ ಬಂಧಿತನ ರಕ್ಷಣೆಗಾಗಿ ನಡೆಯುವ ಪರೀಕ್ಷೆ ಬೇರೆ. ಇವೆರಡೂ ಚಿಕಿತ್ಸೆಯಲ್ಲ. ಪರೀಕ್ಷೆ ಮುಗಿದು ಪ್ರಮಾಣಪತ್ರ ದೊರೆತಿದೆ ಎಂಬುದು ಆ ನಂತರ ಕಾಣಿಸಿಕೊಂಡ ಎದೆನೋವಿಗೆ ಆಸ್ಪತ್ರೆಗೆ ಕರೆದೊಯ್ಯದಿರಲು ಕಾರಣವಾಗುವುದಿಲ್ಲ. ಡಿ.ಕೆ. ಬಸು ಪ್ರಕರಣದ (1996) ಮಾರ್ಗಸೂಚಿಯಂತೆ ಬಂಧನದ ಅವಧಿಯಲ್ಲಿ ಪ್ರತಿ 48 ಗಂಟೆಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ ನಡೆಯಬೇಕಾಗಿದೆ. 24 ಗಂಟೆಗಳೊಳಗೆ ದಂಡಾಧಿಕಾರಿಗಳ ಮುಂದೆ ಹಾಜರುಪಡಿಸುವಾಗ ಬಂಧಿತನು ತನ್ನ ನೋವು, ಗಾಯ, ಕಾಯಿಲೆ ಹಾಗೂ ಸೇವಿಸುವ ಔಷಧಗಳ ವಿಷಯವನ್ನು ನೇರವಾಗಿ ತಿಳಿಸಬಹುದು. ಪೊಲೀಸ್ ಬಂಧನದ ಅವಧಿಯಲ್ಲಿ ವೈದ್ಯರ ಮಾತನ್ನು ಬಿಟ್ಟರೆ ಹೆಚ್ಚು ತೂಕವಿರುವುದು ಆ ಕೆಲವು ನಿಮಿಷಗಳ ಹೇಳಿಕೆಗೆ. ಆದುದರಿಂದ ವಕೀಲರಿಗೆ ಈ ವಿವರಗಳನ್ನು ಮುಂಚಿತವಾಗಿ ನೀಡಿರುವುದು ಒಳ್ಳೆಯದು.

ಮೂರು ವರ್ಷಗಳಿಗಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಅಶಕ್ತರನ್ನು ಅಥವಾ 60 ವರ್ಷ ಮೀರಿದವರನ್ನು ಬಂಧಿಸುವುದಕ್ಕೆ ಉಪ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಅಗತ್ಯವೆಂಬ ಹೊಸ ಉಪಬಂಧವೂ (ಕಲಂ 35) ಸಂಹಿತೆಯಲ್ಲಿದೆ.

ಮೊದಲ ಮೂರು ದಿನಗಳ ಅಪಾಯ

ಬಂಧನವಾದ ಮೊದಲ ಮೂರು ನಾಲ್ಕು ದಿನಗಳು ಆರೋಗ್ಯದ ದೃಷ್ಟಿಯಿಂದ ಅತ್ಯಂತ ಸೂಕ್ಷ್ಮ ಅವಧಿ. ನಿತ್ಯ ಸೇವಿಸುತ್ತಿದ್ದ ಔಷಧ ನಿಂತುಹೋಗಿರುತ್ತದೆ. ನಿತ್ಯ ಸೇವಿಸುತ್ತಿದ್ದ ಮದ್ಯವೂ ನಿಂತುಹೋಗಿರುತ್ತದೆ. ವ್ಯಕ್ತಿಯ ಪೂರ್ವ ಕಾಯಿಲೆಗಳ ಅರಿವು ಠಾಣೆಯ ಸಿಬ್ಬಂದಿಗೆ ಇರುವುದಿಲ್ಲ.

ಹಲವು ವರ್ಷಗಳಿಂದ ಪ್ರತಿದಿನ ಹೆಚ್ಚಿನ ಪ್ರಮಾಣದಲ್ಲಿ ಮದ್ಯ ಸೇವಿಸುತ್ತಿದ್ದವರು ಅದನ್ನು ಹಠಾತ್ತನೆ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ, ಎದೆಬಡಿತದ ಏರಿಕೆ ಪ್ರಾರಂಭವಾಗುತ್ತದೆ. ಕೆಲವರಿಗೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ ಆವರಿಸಿ, ತಾವಿರುವ ಸ್ಥಳ ಗುರುತಿಸಲಾಗದೆ, ಇಲ್ಲದ ಹುಳುಗಳು, ಇಲ್ಲದ ಜನರು ಕಂಡಂತಾಗಿ ಕೂಗಾಡುವರು. ಇದು ನಾಟಕವಲ್ಲ, ಜಾಮೀನು ಪಡೆಯುವ ಉಪಾಯವೂ ಅಲ್ಲ. ಚಿಕಿತ್ಸೆ ದೊರೆಯದಿದ್ದಲ್ಲಿ ಪ್ರಾಣಾಪಾಯವಿರುವ, ಚಿಕಿತ್ಸೆ ದೊರೆತಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುವ ಸ್ಥಿತಿಯಿದು. ಶುಕ್ರವಾರ ಠಾಣೆಯಲ್ಲಿದ್ದು ಶನಿವಾರ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲ್ಪಟ್ಟ ವ್ಯಕ್ತಿಗೆ ಇದು ಕಾಣಿಸಿಕೊಳ್ಳುವುದು ಭಾನುವಾರ ಅಥವಾ ಸೋಮವಾರ, ಅಂದರೆ ವಶವು ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ನಂತರ. ಠಾಣೆಗೆ ತಿಳಿದ ವಿಷಯ ಕಾರಾಗೃಹದ ವೈದ್ಯರಿಗೆ ತಲುಪದೆ ಹೋಗುವ ಸಂಭವ ಹೆಚ್ಚಿರುವುದು ಈ ಹಂತದಲ್ಲಿ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಅಪಾಯಕಾರಿ. ಮದ್ಯದ ವಾಸನೆ ಇದ್ದಾಕ್ಷಣ ತೊದಲು ಮಾತು, ತೂರಾಟ, ಎಚ್ಚರವಿಲ್ಲದ ನಿದ್ರೆ ಇವೆಲ್ಲವೂ ಮದ್ಯದಿಂದಲೇ ಎಂದು ಭಾವಿಸಬಾರದು. ತಲೆಯ ಒಳಗಿನ ರಕ್ತಸ್ರಾವ, ಸಕ್ಕರೆ ಪ್ರಮಾಣದ ತೀವ್ರ ಇಳಿಕೆ, ಪಾರ್ಶ್ವವಾಯು ಇವು ಕೂಡ ಹಾಗೆಯೇ ಕಾಣುತ್ತವೆ. ಕುಡಿದು ಮಲಗಿದ್ದಾನೆ ಎಂದುಕೊಂಡ ವ್ಯಕ್ತಿಯನ್ನು ಎಬ್ಬಿಸಿದರೂ ಎಚ್ಚರವಾಗದಿದ್ದಲ್ಲಿ, ಪದೇ ಪದೇ ವಾಂತಿಯಾದಲ್ಲಿ, ಒಂದು ಬದಿಯ ಕೈಕಾಲು ಸೋತಲ್ಲಿ ಅಥವಾ ಕಿವಿ, ಮೂಗಿನಿಂದ ರಕ್ತ ಬಂದಲ್ಲಿ ಬೆಳಗಾಗುವವರೆಗೆ ಕಾಯುವಂತಿಲ್ಲ. ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಆ ಕ್ಷಣವೇ ಕರೆದೊಯ್ಯಬೇಕು.

ಇನ್ಸುಲಿನ್ ಮೇಲೆ ಅವಲಂಬಿತರಾದ ಮಧುಮೇಹಿಗಳು, ಅಪಸ್ಮಾರಕ್ಕೆ ಮಾತ್ರೆ ಸೇವಿಸುವವರು, ಹೃದ್ರೋಗಿಗಳು, ಆಸ್ತಮಾ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ಹಾಗೂ ಮಾನಸಿಕ ಕಾಯಿಲೆಗೆ ಔಷಧ ಪಡೆಯುತ್ತಿರುವವರ ವಿಷಯದಲ್ಲಿ ಒಂದೆರಡು ದಿನಗಳ ವ್ಯತ್ಯಯವೂ ತುರ್ತು ಸ್ಥಿತಿಗೆ ಕಾರಣವಾಗಬಹುದು. ಆದುದರಿಂದ ಬಂಧನದ ಸುದ್ದಿ ತಿಳಿದ ಕೂಡಲೇ ಕುಟುಂಬದವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ, ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣ, ಕೊನೆಯ ಬಾರಿ ಸೇವಿಸಿದ ಸಮಯ, ಆಗದಿರುವ ಔಷಧಗಳು (ಅಲರ್ಜಿ), ಮದ್ಯ ಅಥವಾ ಮಾದಕ ವಸ್ತುವಿನ ಅಭ್ಯಾಸವಿದ್ದಲ್ಲಿ ಅದರ ವಿವರ, ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಯ ಹೆಸರು ಇವಿಷ್ಟನ್ನು ಬರೆದು, ವೈದ್ಯರ ಚೀಟಿಯ ನಕಲು ಪ್ರತಿಯೊಂದಿಗೆ ಠಾಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯುವುದು. ಅದರದೇ ಇನ್ನೊಂದು ಪ್ರತಿ ವಕೀಲರ ಬಳಿ, ಮತ್ತೊಂದು ಕಾರಾಗೃಹದ ಅಧೀಕ್ಷಕರ ಬಳಿ ಇರಬೇಕು. ಮದ್ಯದ ಅಭ್ಯಾಸವನ್ನು ಸಂಕೋಚದಿಂದ ಮುಚ್ಚಿಡುವ ಕುಟುಂಬಗಳಿವೆ. ಇಲ್ಲಿ ಆ ಸಂಕೋಚ ಸಲ್ಲದು.

ಕಾರಾಗೃಹದಲ್ಲಿರುವಾಗ

ಪ್ರವೇಶದ ಸಮಯದಲ್ಲಿ ಪ್ರತಿಯೊಬ್ಬ ಬಂದಿಯ ಆರೋಗ್ಯ ತಪಾಸಣೆ ನಡೆಯಬೇಕಾಗಿದೆ. ಇದಕ್ಕಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಮೂನೆಯೊಂದನ್ನು ರೂಪಿಸಿ ರಾಜ್ಯಗಳಿಗೆ ಕಳುಹಿಸಿದೆ. ಹೊಸ ಗಾಯಗಳು ಕಂಡುಬಂದಲ್ಲಿ ಅವುಗಳನ್ನು ದಾಖಲಿಸಿ ನ್ಯಾಯಾಲಯದ ಗಮನಕ್ಕೆ ತರಲಾಗುವುದು. ಬೆಂಗಳೂರಿನ ಪರಪ್ಪನ ಅಗ್ರಹಾರ, ಮೈಸೂರು, ಬೆಳಗಾವಿಯ ಹಿಂಡಲಗಾ, ಬಳ್ಳಾರಿ, ಕಲಬುರಗಿ, ವಿಜಯಪುರ, ಧಾರವಾಡ, ಶಿವಮೊಗ್ಗ ಮುಂತಾದ ಕೇಂದ್ರ ಕಾರಾಗೃಹಗಳಿಗೂ ಸಣ್ಣ ತಾಲ್ಲೂಕು ಉಪ ಕಾರಾಗೃಹಗಳಿಗೂ ವೈದ್ಯಕೀಯ ವ್ಯವಸ್ಥೆಯಲ್ಲಿ ವ್ಯತ್ಯಾಸವಿರುವುದು ಸಹಜ. ಒಳಗೆ ಆಸ್ಪತ್ರೆ ಇದ್ದರೂ ಅಲ್ಲಿ ಹೃದಯಾಘಾತ, ಪಾರ್ಶ್ವವಾಯು, ತೀವ್ರ ರಕ್ತಸ್ರಾವ ಮುಂತಾದವುಗಳಿಗೆ ಪೂರ್ಣ ಚಿಕಿತ್ಸೆ ಸಾಧ್ಯವಾಗದು. ಹೊರಗಿನ ಆಸ್ಪತ್ರೆಗೆ ಕಳುಹಿಸಲೇಬೇಕಾಗುತ್ತದೆ.

ವಿಳಂಬಕ್ಕೆ ಅವಕಾಶವಿರುವ ಜಾಗ ಇದೇ. ಹೊರಗಿನ ಆಸ್ಪತ್ರೆಗೆ ಬಂದಿಯನ್ನು ಕಳುಹಿಸಲು ಸಾಮಾನ್ಯವಾಗಿ ಜಿಲ್ಲಾ ಅಥವಾ ನಗರ ಸಶಸ್ತ್ರ ಮೀಸಲು ಪಡೆಯ ಬೆಂಗಾವಲು ಬೇಕಾಗುತ್ತದೆ. ಹೊರರೋಗಿ ವಿಭಾಗದ ಸಾಧಾರಣ ತಪಾಸಣೆಗಳು ಬೆಂಗಾವಲು ಸಿಬ್ಬಂದಿಯ ಕೊರತೆಯಿಂದ, ಅದರಲ್ಲೂ ಚುನಾವಣೆ, ಜಾತ್ರೆ, ಗಣ್ಯರ ಭೇಟಿಗಳ ಬಂದೋಬಸ್ತಿನ ದಿನಗಳಲ್ಲಿ ಮುಂದೂಡಲ್ಪಡುವುದುಂಟು. ತುರ್ತು ಸಂದರ್ಭಕ್ಕೆ ಈ ಮಾನದಂಡ ಅನ್ವಯಿಸುವುದಿಲ್ಲ. ವೈದ್ಯಾಧಿಕಾರಿಯ ಸಲಹೆಯಂತೆ ಅಧೀಕ್ಷಕರು ಬಂದಿಯನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿ, ನಂತರ ಸಂಬಂಧಪಟ್ಟ ನ್ಯಾಯಾಲಯಕ್ಕೆ ವರದಿ ಮಾಡಿದರೆ ಸಾಕು, ಪೂರ್ವಾನುಮತಿಗಾಗಿ ಕಾಯಬೇಕಾಗಿಲ್ಲ. ವೈದ್ಯಕೀಯ ತೀರ್ಮಾನಗಳನ್ನು ವೈದ್ಯರೇ ಕೈಗೊಳ್ಳಬೇಕು, ಅವುಗಳನ್ನು ವೈದ್ಯೇತರ ಸಿಬ್ಬಂದಿ ತಳ್ಳಿಹಾಕುವಂತಿಲ್ಲ ಎಂಬುದು 2015ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಸ್ಪಷ್ಟ ನಿಲುವು.

ಸಂಜೆ ಬ್ಯಾರಕ್‌ಗಳಿಗೆ ಬೀಗ ಹಾಕಿದ ನಂತರ ಬೆಳಿಗ್ಗೆ ತೆರೆಯುವವರೆಗೆ, ಕಾಯಿಲೆ ಬಿದ್ದವನ ವಿಷಯ ಹೊರಗೆ ತಿಳಿಯುವುದು ಸಹಬಂದಿಗಳು ಕಾವಲು ಸಿಬ್ಬಂದಿಯನ್ನು ಕೂಗಿದಾಗ ಮಾತ್ರ. ಎದೆನೋವು ಅಥವಾ ಉಸಿರಾಟದ ತೊಂದರೆ ಉಳ್ಳವರು ತಮ್ಮ ಕಾಯಿಲೆಯನ್ನು ಅಕ್ಕಪಕ್ಕದವರಿಗೆ ತಿಳಿಸಿರುವುದು, ವೈದ್ಯರು ಬರೆದುಕೊಟ್ಟ ಮಾತ್ರೆ ಕೈಗೆ ಸಿಗುವಂತೆ ಇರಿಸಿಕೊಳ್ಳಲು ವೈದ್ಯಾಧಿಕಾರಿಯಿಂದ ಅನುಮತಿ ಪಡೆದಿರುವುದು ಹಿತಕರ. ಸಂದರ್ಶನಕ್ಕೆ ಹೋಗುವ ಕುಟುಂಬದವರು ಈ ವಿಷಯವನ್ನು ಜ್ಞಾಪಿಸಬಹುದು.

ಬಂದಿಯ ಚಿಕಿತ್ಸೆಯ ವೆಚ್ಚ ಸರ್ಕಾರದ್ದು. ಕುಟುಂಬದವರು ತಮ್ಮ ಆಯ್ಕೆಯ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ವೆಚ್ಚದಿಂದ ಚಿಕಿತ್ಸೆ ಕೊಡಿಸಲು ಇಚ್ಛಿಸಿದಲ್ಲಿ ಮಾತ್ರ ನ್ಯಾಯಾಲಯದ ಆದೇಶ ಪಡೆಯುವ ಮಾರ್ಗವನ್ನು ಅನುಸರಿಸಬೇಕು. ಕೋರ್ಟಿನ ಆದೇಶ ಬೇಕೇ ಬೇಕು ಎಂಬ ಜನಜನಿತ ನಂಬಿಕೆ ಹುಟ್ಟಿರುವುದು ಬಹುಶಃ ಈ ಎರಡು ಸಂದರ್ಭಗಳನ್ನು ಒಂದಾಗಿಸಿಕೊಂಡದ್ದರಿಂದ.

ತುರ್ತು ಚಿಕಿತ್ಸಾ ವಿಭಾಗದಲ್ಲಿ

ಬಂದಿಯನ್ನು ಸಾಮಾನ್ಯವಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತರಲಾಗುವುದು. ಹತ್ತಿರದ ಆಸ್ಪತ್ರೆ ಖಾಸಗಿಯದಾಗಿದ್ದಲ್ಲಿ ಪ್ರಾಣಾಪಾಯದ ಸ್ಥಿತಿಯಲ್ಲಿ ಅಲ್ಲಿಗೂ ಕರೆದೊಯ್ಯಬಹುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007, ಅದರ ತಿದ್ದುಪಡಿಯೊಂದಿಗೆ, ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಒತ್ತಾಯಿಸದೆ ಚಿಕಿತ್ಸೆ ನೀಡುವುದನ್ನು ಖಾಸಗಿ ಆಸ್ಪತ್ರೆಗಳ ಹೊಣೆಯಾಗಿಸಿದೆ. ಗಾಯ, ವಿಷಪ್ರಾಶನ ಮುಂತಾದ ಪ್ರಕರಣಗಳನ್ನು ವೈದ್ಯರು ಎಂ.ಎಲ್.ಸಿ. ಎಂದು ದಾಖಲಿಸುವರು. ದಾಖಲಿಸುವುದೂ ಚಿಕಿತ್ಸೆ ನೀಡುವುದೂ ಜೊತೆಜೊತೆಗೆ ನಡೆಯಬೇಕಾದ ಕೆಲಸಗಳು. ಮೊದಲನೆಯದು ಮುಗಿಯಲೆಂದು ಎರಡನೆಯದು ಕಾಯುವಂತಿಲ್ಲ.

ಸರದಿ ನಿರ್ಧಾರವಾಗುವುದು ಕಾಯಿಲೆಯ ತೀವ್ರತೆಯ ಮೇಲೆ. ಬೇಡಿ ತೊಟ್ಟವರು ಪಕ್ಕದಲ್ಲಿ ಕುಳಿತರೆ ಇತರ ರೋಗಿಗಳಿಗೂ ಅವರ ಕಡೆಯವರಿಗೂ ಮುಜುಗರ ಅಥವಾ ಭಯ ಉಂಟಾಗುವುದನ್ನು ಅಲ್ಲಗಳೆಯಲಾಗದು. ಅದೇ ಕಾರಣದಿಂದ ಪೊಲೀಸರ ಜೊತೆ ಬಂದವರನ್ನು ಬೇಗ ನೋಡಿ ಕಳುಹಿಸಿಬಿಡುವ ಒತ್ತಡವೂ ವೈದ್ಯರ ಮೇಲಿರುತ್ತದೆ. ಬೇಗ ಕಳುಹಿಸುವುದು ಸರಿಯಾದ ಚಿಕಿತ್ಸೆಗೆ ಪರ್ಯಾಯವಲ್ಲ. ಒಳರೋಗಿಯಾಗಿ ದಾಖಲಿಸಬೇಕೇ ಬೇಡವೇ ಎಂಬ ತೀರ್ಮಾನ ವೈದ್ಯರದು.

ಬೇಡಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಿಟಿಜನ್ಸ್ ಫಾರ್ ಡೆಮಾಕ್ರಸಿ ವಿರುದ್ಧ ಅಸ್ಸಾಂ ರಾಜ್ಯ ಪ್ರಕರಣದಲ್ಲಿ (1995) ಕಟ್ಟುನಿಟ್ಟಾದ ನಿಲುವು ತಳೆದಿದೆ. ಗುವಾಹಟಿಯ ಆಸ್ಪತ್ರೆಯೊಂದರಲ್ಲಿ ಬಂಧಿತ ರೋಗಿಗಳಿಗೆ ಬೇಡಿ ತೊಡಿಸಿ ಮಂಚಕ್ಕೆ ಬಿಗಿದಿದ್ದ ಸಂಗತಿ ಆ ಪ್ರಕರಣದ ಮೂಲ. ದಂಡಾಧಿಕಾರಿಗಳ ಅನುಮತಿಯಿಲ್ಲದೆ ಹಾಗೆ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಹೊಸ ಸಂಹಿತೆಯ ಕಲಂ 43 ಕೆಲವು ಗಂಭೀರ ಅಪರಾಧಗಳಲ್ಲಿ ಬಂಧಿಸುವಾಗ ಮತ್ತು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಬೇಡಿ ಬಳಸಲು ಅವಕಾಶ ನೀಡಿದೆಯಾದರೂ ಆಸ್ಪತ್ರೆಯ ಮಂಚದ ಮಾತು ಅದರಲ್ಲಿಲ್ಲ. ತಪ್ಪಿಸಿಕೊಳ್ಳದಂತೆ ಕಾಯುವುದು ಬೆಂಗಾವಲಿನ ಕೆಲಸವೆಂಬುದು ನಿಜ. ಅದನ್ನು ಬಾಗಿಲ ಬಳಿ ನಿಂತು ನಿರ್ವಹಿಸಬಹುದು. ರೋಗಿಯೊಂದಿಗೆ ವೈದ್ಯರು ಮಾತನಾಡುವಾಗ ಕಾವಲು ಸಿಬ್ಬಂದಿ ಕಣ್ಣಳತೆಯಲ್ಲಿದ್ದು ಕಿವಿಯಳತೆಯಿಂದ ದೂರವಿರುವಂತೆ ವೈದ್ಯರು ಕೇಳಬಹುದು. ಗಾಯ ಹೇಗಾಯಿತೆಂದು ರೋಗಿ ಹೇಳಬೇಕಾದ ಸಂದರ್ಭದಲ್ಲಿ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ನೀಡುವ ಬಿಡುಗಡೆ ಸಾರಾಂಶ ಹಾಗೂ ಔಷಧಗಳು ಕಾರಾಗೃಹದ ವೈದ್ಯಾಧಿಕಾರಿಯನ್ನು ತಲುಪಬೇಕು. ರೋಗಿ ಅಥವಾ ಆತನು ಅಧಿಕಾರ ನೀಡಿದವರು ಕೋರಿದಲ್ಲಿ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ನೀಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿ ವಿನಿಯಮಗಳಲ್ಲಿ ವಿಧಿಸಲಾಗಿದೆ. ಬಂದಿಯ ಸಹಿಯುಳ್ಳ ಅಧಿಕಾರ ಪತ್ರವನ್ನು ವಕೀಲರ ಮೂಲಕ ಪಡೆದಿದ್ದರೆ ಈ ಕೆಲಸ ಸುಲಭವಾಗುವುದು.

ಮಹಿಳೆಯರು ಮತ್ತು ಮಕ್ಕಳು

ಮಹಿಳೆಯ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಅಥವಾ ಅವರ ಮೇಲ್ವಿಚಾರಣೆಯಲ್ಲಿಯೇ ನಡೆಸತಕ್ಕದ್ದು. ಗರ್ಭಿಣಿ ಬಂದಿಗಳ ಹೆರಿಗೆಗೆ ಸಾಧ್ಯವಾದಷ್ಟು ಮಟ್ಟಿಗೆ ಕಾರಾಗೃಹದ ಹೊರಗಿನ ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಬೇಕೆಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ (2006) ನಿರ್ದೇಶಿಸಲಾಗಿದೆ. ಒಂದು ವೇಳೆ ಕಾರಾಗೃಹದೊಳಗೇ ಹೆರಿಗೆಯಾದರೂ ಮಗುವಿನ ಜನನ ಪ್ರಮಾಣಪತ್ರದಲ್ಲಿ ಕಾರಾಗೃಹವೆಂದು ನಮೂದಿಸದೆ ಆ ಪ್ರದೇಶದ ವಿಳಾಸವನ್ನು ಮಾತ್ರ ಬರೆಯಬೇಕು. ಹೆರಿಗೆಯ ಸಮಯದಲ್ಲಿ ಬೇಡಿ, ಸರಪಳಿ ಮುಂತಾದವುಗಳನ್ನು ಬಳಸಬಾರದೆಂದು ಮಂಡೇಲಾ ನಿಯಮಗಳು ತಿಳಿಸುತ್ತವೆ. ತಾಯಿಯೊಂದಿಗೆ ಆರು ವರ್ಷದವರೆಗಿನ ಮಕ್ಕಳು ಇರಬಹುದಾಗಿದ್ದು, ಅವರು ಬಂದಿಗಳಲ್ಲವಾದರೂ ಅವರ ಚಿಕಿತ್ಸೆಯ ಹೊಣೆ ಕಾರಾಗೃಹದ್ದೇ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ 18 ವರ್ಷದೊಳಗಿನವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಕಾರಾಗೃಹದಲ್ಲಾಗಲಿ ಇರಿಸುವಂತಿಲ್ಲ.

ಮಾನಸಿಕ ತುರ್ತು ಸ್ಥಿತಿ

ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂದಿಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾದಕ ವಸ್ತು ಹಾಗೂ ಮದ್ಯ, ತಂಬಾಕಿನ ಸಮಸ್ಯೆಗಳನ್ನು ಹೊರತುಪಡಿಸಿಯೂ ಶೇ. 27ಕ್ಕಿಂತ ಹೆಚ್ಚು ಜನರಲ್ಲಿ ಮಾನಸಿಕ ಕಾಯಿಲೆ ಗುರುತಿಸಲ್ಪಟ್ಟಿತು. ಇದು ನಿರ್ಲಕ್ಷಿಸಬಹುದಾದ ಪ್ರಮಾಣವಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ ಕಲಂ 103ರಂತೆ ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರವಿರಬೇಕು. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಚಿಕಿತ್ಸೆ, ಆರೈಕೆ ನೀಡುವುದು ಸರ್ಕಾರದ ಕರ್ತವ್ಯವೆಂದು ಕಲಂ 115 ಹೇಳುತ್ತದೆ. ಸಂದರ್ಶನದ ವೇಳೆ ಅಥವಾ ದೂರವಾಣಿಯಲ್ಲಿ ಸಾವಿನ ಮಾತು ಬಂದಲ್ಲಿ, ಮನಸ್ಸಿನ ಬೇಸರವೆಂದು ಬಿಡದೆ ಅದೇ ದಿನ ಅಧೀಕ್ಷಕರಿಗೆ ಅಥವಾ ಜೈಲರ್‌ಗೆ ತಿಳಿಸತಕ್ಕದ್ದು. ಜಾಮೀನು ತಿರಸ್ಕೃತವಾದ ದಿನ, ಶಿಕ್ಷೆ ಪ್ರಕಟವಾದ ದಿನ, ಮನೆಯಲ್ಲಿ ಸಾವಾದ ಸುದ್ದಿ ತಲುಪಿದ ದಿನ ಹೆಚ್ಚಿನ ನಿಗಾ ಅಗತ್ಯ. ಕುಟುಂಬದವರೂ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಬಳಸಿಕೊಳ್ಳಬಹುದು.

ಅರ್ಜಿ ಸಲ್ಲಿಸುವ ಬಗೆ

ಚಿಕಿತ್ಸೆ ದೊರೆಯುತ್ತಿಲ್ಲವೆಂದು ಕುಟುಂಬದವರಿಗೆ ಅನಿಸಿದಲ್ಲಿ ಮೊದಲ ಮನವಿಯನ್ನು ಲಿಖಿತವಾಗಿ ಠಾಣಾಧಿಕಾರಿಗೆ ಅಥವಾ ಕಾರಾಗೃಹದ ಅಧೀಕ್ಷಕರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅರ್ಜಿ ಉದ್ದವಾಗಿರಬೇಕಿಲ್ಲ. ಬಂದಿಯ ಹೆಸರು, ಪ್ರಕರಣದ ಸಂಖ್ಯೆ, ಲಕ್ಷಣಗಳು, ಅವು ಪ್ರಾರಂಭವಾದ ದಿನ ಮತ್ತು ಸಮಯ, ಕೋರಿಕೆ ಇಷ್ಟಿದ್ದರೆ ಸಾಕು. ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ತಪಾಸಣೆಗೆ, ತಜ್ಞರ ಅಭಿಪ್ರಾಯಕ್ಕೆ ಅಥವಾ ಒಳರೋಗಿ ಚಿಕಿತ್ಸೆಗೆ ನಿರ್ದೇಶನ ಕೋರಬಹುದು. ಜಾಮೀನುರಹಿತ ಪ್ರಕರಣಗಳಲ್ಲಿಯೂ ಕಾಯಿಲೆಯಿಂದಿರುವವರು ಅಥವಾ ಅಶಕ್ತರು ಎಂಬ ಅಂಶವನ್ನು ಜಾಮೀನಿಗಾಗಿ ಪರಿಗಣಿಸಲು ಕಲಂ 480ರಲ್ಲಿ ಅವಕಾಶವಿದೆ. ವೈದ್ಯಕೀಯ ದಾಖಲೆಗಳಿಲ್ಲದ ಅರ್ಜಿ ದುರ್ಬಲವಾಗುವುದರಿಂದ ಹಳೆಯ ಚೀಟಿಗಳನ್ನು ಎಸೆಯಬಾರದು.

ಬಂಧನದಲ್ಲಿರುವ ಯಾವುದೇ ವ್ಯಕ್ತಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ನೇರವಾಗಿ ಅಥವಾ 15100 ಸಹಾಯವಾಣಿಯ ಮೂಲಕ ಸಂಪರ್ಕಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 7ರಂತೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಸಾಮಾನ್ಯ 30 ದಿನಗಳ ಬದಲು 48 ಗಂಟೆಗಳೊಳಗೆ ನೀಡಬೇಕು. ಅರ್ಜಿಯ ಮೇಲ್ಭಾಗದಲ್ಲಿ "ಜೀವಕ್ಕೆ ಸಂಬಂಧಿಸಿದ ಮಾಹಿತಿ, 48 ಗಂಟೆಗಳ ಕಾಲಮಿತಿ" ಎಂದು ಎದ್ದುಕಾಣುವಂತೆ ಬರೆಯುವುದು ಸೂಕ್ತ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಲು ಯಾವುದೇ ಶುಲ್ಕವಿಲ್ಲ.

ಮರಣ ಸಂಭವಿಸಿದಲ್ಲಿ

ಬಂಧನದಲ್ಲಿರುವಾಗ ಮರಣ ಸಂಭವಿಸಿದಲ್ಲಿ, ಅದು ಆಸ್ಪತ್ರೆಯ ಹಾಸಿಗೆಯಲ್ಲಿಯೇ ಆಗಿದ್ದರೂ, ಕಲಂ 196ರಂತೆ ದಂಡಾಧಿಕಾರಿಗಳ ವಿಚಾರಣೆ ನಡೆಯಬೇಕು. ಸಾಧ್ಯವಿರುವೆಡೆ ಬಂಧುಗಳಿಗೆ ತಿಳಿಸಿ, ಅವರಿಗೆ ವಿಚಾರಣೆಯಲ್ಲಿ ಹಾಜರಿರಲು ಅವಕಾಶ ನೀಡತಕ್ಕದ್ದು. ಇಂತಹ ಮರಣಗಳನ್ನು 24 ಗಂಟೆಗಳೊಳಗೆ ತನಗೆ ವರದಿ ಮಾಡುವಂತೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರಲ್ಲಿಯೂ, ಮರಣೋತ್ತರ ಪರೀಕ್ಷೆಯನ್ನು ವೀಡಿಯೋ ಚಿತ್ರೀಕರಿಸುವಂತೆ 1995ರಲ್ಲಿಯೂ ರಾಜ್ಯಗಳಿಗೆ ತಿಳಿಸಿದೆ. ಮೊದಲು ಸಲ್ಲಿಸಿದ್ದ ಮನವಿಗಳ ಸ್ವೀಕೃತಿಗಳನ್ನು, ವೈದ್ಯಕೀಯ ಚೀಟಿಗಳನ್ನು ಕುಟುಂಬದವರು ವಿಚಾರಣೆಯಲ್ಲಿ ಹಾಜರುಪಡಿಸಬಹುದು.

ಬಿಡುಗಡೆಯ ನಂತರ

ಬಿಡುಗಡೆಯಾದ ಮೊದಲ ಎರಡು ವಾರಗಳೂ ಅಪಾಯದ ಅವಧಿಯೆಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಅವಧಿಯಲ್ಲಿ ಬಿಡುಗಡೆಯಾದವರ ಮರಣದ ಪ್ರಮಾಣ ಇತರ ನಿವಾಸಿಗಳಿಗಿಂತ 12 ಪಟ್ಟಿಗೂ ಹೆಚ್ಚಾಗಿದ್ದು, ಮಾದಕ ವಸ್ತುಗಳ ಅತಿಸೇವನೆ ಪ್ರಮುಖ ಕಾರಣವಾಗಿತ್ತು. ಅಲ್ಲಿನ ಪರಿಸ್ಥಿತಿ ಬೇರೆಯಾದರೂ ಕಾರಣ ಎಲ್ಲೆಡೆ ಒಂದೇ: ತಿಂಗಳುಗಟ್ಟಲೆ ಬಿಟ್ಟಿದ್ದ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಮನೆಗೆ ಮರಳಿದವರನ್ನು ಹಳೆಯ ಗೆಳೆಯರು ಕರೆದೊಯ್ಯುವ ಮೊದಲ ವಾರದಲ್ಲಿಯೇ ಮನೆಯವರು ಎಚ್ಚರಿಕೆಯಿಂದಿರಬೇಕು.

ಬಿಡುಗಡೆಯ ದಿನ ಕಾರಾಗೃಹದ ವೈದ್ಯಾಧಿಕಾರಿಯಿಂದ ಚಿಕಿತ್ಸೆಯ ಸಾರಾಂಶ ಹಾಗೂ ಕೆಲವು ದಿನಗಳ ಔಷಧವನ್ನು ಕೇಳಿ ಪಡೆಯಬೇಕು. ಕ್ಷಯರೋಗದ ಔಷಧವನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಎಚ್.ಐ.ವಿ. ಔಷಧವನ್ನು ಎ.ಆರ್.ಟಿ. ಕೇಂದ್ರದಲ್ಲಿ, ಮಾನಸಿಕ ಕಾಯಿಲೆಯ ಔಷಧವನ್ನು ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಉಚಿತವಾಗಿ ಮುಂದುವರಿಸಬಹುದಾಗಿದೆ. ಬಿಡುಗಡೆ ಬಹುಮಟ್ಟಿಗೆ ಸಂಜೆಯ ವೇಳೆ ಆಗುವುದರಿಂದ ಔಷಧದ ವಿಷಯವನ್ನು ಅಂದೇ ಬೆಳಿಗ್ಗೆ ವಿಚಾರಿಸಿಟ್ಟುಕೊಳ್ಳುವುದು ಅನುಕೂಲ. ತುರ್ತು ಸಂದರ್ಭದಲ್ಲಿ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಸೇವೆಯಲ್ಲಿರುವ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಅಥವಾ 112ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ರೋಗಿಯ ಮೇಲಿರುವ ಪ್ರಕರಣದ ವಿಷಯವನ್ನು ಹೇಳಬೇಕಾಗಿಲ್ಲ. ಸ್ಥಳ ಮತ್ತು ಲಕ್ಷಣಗಳನ್ನು ತಿಳಿಸಿದರೆ ಸಾಕು.